ಅರ್ಧ ತಾಮ್ರದ ಲಗ್ಗು

ಚೆಂಬೂರು
14 ಜನವರಿ 2024

ಚಿ. ಸೌ. ರಂಜನಿಗೆ ಆಶೀರ್ವಾದ.

ಆಲ್ ಈಸ್ ವೆಲ್ ಹಿಯರ್ ಅಂಡ್ ಹೋಪಿಂಗ್ ದ ಸೇಮ್ ಫ್ರಮ್ ಯುವರ್ ಸೈಡ್ ಅಂತ ಬರೆಯೋದು ಪದ್ಧತಿ. ಇಲ್ಲಿ ಯಾವುದೂ ವೆಲ್ ಇಲ್ಲ. ಫೋನ್ ಮಾಡಿದರೆ ನಿನ್ನ ಬದಲು ಯಾರೋ ಹೆಂಗಸು ಇಂಗ್ಲಿಷಿನಲ್ಲಿ ಏನೋ ಹೇಳಿ ಇಟ್ಟುಬಿಡುತ್ತಾಳೆ. ಮೊಬೈಲ್ ಅಂಗಡಿಯವನಿಗೆ ತೋರಿಸಿದೆ. ‘ಕಾಕಾ, ನಿಮ್ಮನ್ನು ಬ್ಲಾಕ್ ಮಾಡಿದ್ದಾರೆ’ ಅಂತ ನಕ್ಕ. ಚೆಂಬೂರಿನಿಂದ ಭಾಂಡುಪ್ಪಿಗೆ ಎಷ್ಟು ದೂರ? ಕುರ್ಲಾದಲ್ಲಿ ಗಾಡಿ ಬದಲಿಸಿದರೆ ಮುಕ್ಕಾಲು ಗಂಟೆ. ಅಷ್ಟು ದೂರದ ಮಗಳಿಗೆ ಸ್ಪೀಡ್ ಪೋಸ್ಟ್ ಮಾಡುವ ತಂದೆ ಇಡೀ ಮುಂಬಯಿಯಲ್ಲಿ ನಾನೊಬ್ಬನೇ ಇರಬೇಕು.

ನಾಳೆ ಸಂಕ್ರಾಂತಿ. ನಿಮ್ಮಮ್ಮ ಹೋಗಿ ಮೂರು ವರ್ಷವಾಯಿತು, ಈ ಮನೆಯಿಂದ ಎಳ್ಳು ಬೀರುವವರಿಲ್ಲ. ಅದಿರಲಿ. ಕಮಿಂಗ್ ಟು ದ ಪಾಯಿಂಟ್. ಅಕ್ಷಯನ ಕಾಂಟ್ರಾಕ್ಟರ್ ಲೈಸೆನ್ಸನ್ನು ತಡೆಹಿಡಿದಿದ್ದಾರೆ ಅಂತ ನಮ್ಮ ಬಿಲ್ಡಿಂಗಿನ ಸೊಸೈಟಿ ಆಫೀಸಿನಲ್ಲಿ ಕೇಳಿದೆ. ನನ್ನ ಕಂಪ್ಲೇಂಟಿನಿಂದಲೇ ಅಂತ ನೀನು ತಿಳಿದುಕೊಂಡಿರುತ್ತೀಯ. ತಿಳಿದುಕೋ. ನಾನು ಸುಳ್ಳು ಬರೆದಿಲ್ಲ. ನಮ್ಮ ಬಿಲ್ಡಿಂಗಿನ ಲಿಫ್ಟಿಗೂ ನೀರಿನ ಪಂಪಿಗೂ ಕರೆಂಟು ಒಯ್ಯುವ ಕೇಬಲ್ ಎಳೆದವನು ಅವನು. ಎಳೆದದ್ದು ಅಲ್ಯೂಮಿನಿಯಂ. ತಾಮ್ರ ಹಾಕು, ತಾಮ್ರ ಹಾಕು ಅಂತ ಗಂಟಲು ಹರಿದುಕೊಂಡವನು ನಾನು. ಎಂಟು ತಿಂಗಳಾಗಲಿಲ್ಲ, ಹೋದ ಆಗಸ್ಟಿನಲ್ಲಿ ಮೀಟರ್ ರೂಮು ಹೊತ್ತಿಕೊಂಡಿತು. ಪಕ್ಕದ ಮನೆಯ ಇಂದ್ರಾಬಾಯಿ ಹೊಗೆಗೆ ಹೆದರಿ ಓಡಿ, ಮೆಟ್ಟಿಲ ಮೇಲೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಅಳಿಯ ಅಂತ ನಾನು ಬಾಯಿ ಮುಚ್ಚಿಕೊಂಡು ಕೂರಬೇಕಾಗಿತ್ತೇ?

ಅವನ ಮೇಲೆ ನನಗೆ ದ್ವೇಷವಿಲ್ಲ. ಡು ನಾಟ್ ಮಿಸ್ಟೇಕ್ ಮಿ. ಮದುವೆಗೆ ನಾನು ಒಪ್ಪಿರಲಿಲ್ಲ ನಿಜ. ನಿಮ್ಮಮ್ಮ ಒಪ್ಪಿದಳು, ಮುಗಿಯಿತು. ಇದು ಬೇರೆ ವಿಷಯ. ಇದು ಲೋಹದ ವಿಷಯ.

ಇತಿ ನಿನ್ನ ಅಪ್ಪ,
ಕೇಶವಮೂರ್ತಿ

~

ಭಾಂಡುಪ್
3 ಫೆಬ್ರವರಿ 2024

ಅಪ್ಪ,

ನಿಮ್ಮ ಪತ್ರ ಬಂತು. ಕನ್ನಡ ಬರೆದು ರೂಢಿ ತಪ್ಪಿದೆ, ಚಿಕ್ಕದಾಗಿ ಬರೆಯುತ್ತೇನೆ.

ಲೈಸೆನ್ಸ್ ಇಲ್ಲದೆ ಅಕ್ಷಯ ಯಾವ ಕೆಲಸಕ್ಕೂ ಸಹಿ ಹಾಕುವ ಹಾಗಿಲ್ಲ. ಅರ್ಧ ಆಗಿದ್ದ ಎರಡು ಸೊಸೈಟಿಗಳ ಕೆಲಸ ಬೇರೆಯವರಿಗೆ ಹೋಯಿತು. ಅವನ ಹತ್ತಿರ ಇದ್ದ ಮೂವರು ವೈರ್‌ಮನ್‌ಗಳೂ ಹೋದರು. ಈಗ ಸ್ಟೇಷನ್ ಹತ್ತಿರ ನಮ್ಮ ಮಾವನ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾನೆ. ‘ಕ್ಯಾ ಶೇಟ್, ಲೈಟ್ ಕಾ ಕಾಮ್ ಛೋಡ್ ದಿಯಾ?’ ಅಂತ, ಕರೆಂಟಿನ ಕೆಲಸ ಬಿಟ್ಟೆಯಾ ಅಂತ, ಗಿರಾಕಿಗಳು ಕೇಳ್ತಾರೆ. ನಗುತ್ತಾನೆ.

ವಿದ್ಯುತ್ ಇನ್ಸ್‌ಪೆಕ್ಟರ್ ಕಚೇರಿಯಲ್ಲಿ ವಿಚಾರಣೆ ಆಗಬೇಕು. ಅಲ್ಲಿವರೆಗೆ ಹೀಗೇ. ಕಂಪ್ಲೇಂಟ್ ಕೊಟ್ಟವರು ನೀವು, ನಿಮ್ಮನ್ನೂ ಕರೀತಾರೆ. ಕೇಬಲ್ ಹಾಕಿದ ದಿನದಿಂದ ಸುಟ್ಟ ದಿನದ ತನಕ ಆ ಮೀಟರ್ ರೂಮಿನಲ್ಲಿ ಏನೇನಾಯಿತು ಅಂತ ಸ್ವಲ್ಪ ನೆನಪು ಮಾಡಿಕೊಳ್ಳಿ. ಇಷ್ಟೇ ಕೇಳುತ್ತೇನೆ.

ರಂಜನಿ

~

ಚೆಂಬೂರು
18 ಫೆಬ್ರವರಿ 2024

ಚಿ. ರಂಜನಿ,

ವಿತ್ ರೆಫರೆನ್ಸ್ ಟು ಯುವರ್ ಲೆಟರ್. ‘ನೀವು’ ಅಂತ ಬರೆದಿದ್ದೀಯ. ಮೂವತ್ತೈದು ವರ್ಷ ‘ನೀನು’ ಅಂದವಳು. ಬ್ಯಾಂಕಿನವರು ಬರೆದ ಹಾಗಿತ್ತು. ಎರಡು ಸಲ ಲಕೋಟೆ ತಿರುಗಿಸಿ ವಿಳಾಸ ನೋಡಿದೆ.

ನೆನಪು ಮಾಡಿಕೊಳ್ಳಿ ಅಂದೆಯಲ್ಲ, ಮಾಡಿಕೊಂಡೆ. ಸೊಸೈಟಿ ಮೀಟಿಂಗಿನಲ್ಲಿ ನೀನಿರಲಿಲ್ಲ, ಹೇಳುತ್ತೇನೆ ಕೇಳು. ಟೆರೇಸಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಪರೇಲಿನ ಮಿಲ್ಲಿನಲ್ಲಿ ಹತ್ತೊಂಬತ್ತು ವರ್ಷ ವೈರ್‌ಮನ್ ಆಗಿದ್ದೆ, ನಮ್ಮ ಮಿಲ್ಲಿನಲ್ಲಿ ಎಲ್ಲವೂ ತಾಮ್ರ, ಒಂದು ದಿನ ಒಂದು ಕಿಡಿ ಹಾರಲಿಲ್ಲ, ಅಂತ ನಾನು ಹೇಳಿದೆ. ನಿನ್ನ ಗಂಡ ಎದ್ದು ನಿಂತು, ‘ಮಾವ, ತಾಮ್ರ ಒಳ್ಳೆಯದೇ, ಇಲ್ಲ ಅಂತ ಯಾರು ಹೇಳಿದ್ದು? ಆದರೆ ಹದಿನಾರು ಸ್ಕ್ವೇರ್ ಎಂ.ಎಂ. ತಾಮ್ರ ಬೇಕಾದ ಕಡೆ ಇಪ್ಪತ್ತೈದರ ಅಲ್ಯೂಮಿನಿಯಂ ಹಾಕಿದ್ರೆ ಅದೇ ಕರೆಂಟು ಹೋಗ್ತದೆ. ಸ್ವಲ್ಪ ದಪ್ಪ, ಅಷ್ಟೆ’ ಅಂದ. ಮೇಷ್ಟರ ಹಾಗೆ. ನನಗೆ ಸಿಟ್ಟು ಬಂತು. ‘ನಿಮ್ಮ ಹೋಟೆಲಿನಲ್ಲಿ ಇಡ್ಲಿ ತಟ್ಟೆಯಿಂದ ಹಿಡಿದು ಎಲ್ಲಾ ಅಲ್ಯೂಮಿನಿಯಂ, ಅದನ್ನೇ ತಂದು ನಮ್ಮ ಲಿಫ್ಟಿಗೂ ಕಟ್ಟುತ್ತೀಯೇನು?’ ಅಂದೆ. ಅದಕ್ಕೆ ಅವನು ಏನಂದ ಗೊತ್ತೇ? ‘ಮಾರಾಯ್ರೆ, ಕರೆಂಟಿಗೆ ಜಾತಿ ಉಂಟಾ?’

ಎಲ್ಲರೂ ನಕ್ಕರು. ಬಿಲ್ಡಿಂಗಿನ ಗುಜರಾತಿಗಳು ಕನ್ನಡ ಅರ್ಥವಾಗದೇ ಇದ್ದರೂ ನಕ್ಕರು. ನನಗೆ ಗೊತ್ತು, ಅವನು ಕೇಬಲ್ಲಿನ ಬಗ್ಗೆ ಹೇಳಿದ್ದಲ್ಲ. ಕೈ ಎತ್ತಿಸಿದರು. ಅಲ್ಯೂಮಿನಿಯಂ ಗೆದ್ದಿತು. ತಾಮ್ರಕ್ಕೆ ಎದ್ದದ್ದು ಎರಡೇ ಕೈ, ನನ್ನದೊಂದು, ಇಂದ್ರಾಬಾಯಿಯದೊಂದು.

ಮೈಸೂರಿನಲ್ಲಿ ಬಿ.ಎಸ್‌ಸಿ. ಮೊದಲ ವರ್ಷ ಓದಿದ ಒಂದು ವಾಕ್ಯ ಇನ್ನೂ ಬಾಯಲ್ಲಿದೆ. ಕಾಪರ್ ಈಸ್ ಎ ಗುಡ್ ಕಂಡಕ್ಟರ್ ಆಫ್ ಹೀಟ್ ಅಂಡ್ ಎಲೆಕ್ಟ್ರಿಸಿಟಿ, ವೇರ್‌ಆ್ಯಸ್ ಅಲ್ಯೂಮಿನಿಯಂ... ಮುಂದಿನದು ಮರೆತುಹೋಗಿದೆ. ಏನೋ ಇತ್ತು. ಅಷ್ಟರಲ್ಲಿ ನಮ್ಮ ಚಿಕ್ಕಪ್ಪ ಬಂದು ಮಿಲ್ಲಿನಲ್ಲಿ ಜಾಗ ಖಾಲಿಯಿದೆ ಅಂತ ರೈಲು ಹತ್ತಿಸಿಬಿಟ್ಟ. ಮಿಲ್ಲು ಮುಚ್ಚಿದ ಮೇಲೆ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ ಬರೆಯುತ್ತಾ ಕೂತೆ. ಆದರೆ ಕಲಿತ ವಿದ್ಯೆ ಎಲ್ಲಿ ಹೋಗುತ್ತದೆ? ಇವತ್ತಿಗೂ ಬಿಲ್ಡಿಂಗಿನಲ್ಲಿ ಫ್ಯೂಸ್ ಹೋದರೆ ‘ಕಾಕಾನ ಕರೀರಿ’ ಅನ್ನುತ್ತಾರೆ. ಮೀಟರ್ ರೂಮಿನ ಒಂದು ಬೀಗದ ಕೈ ನನ್ನ ಹತ್ತಿರವೇ ಇದೆ.

ಮೀಟರ್ ರೂಮಿನಲ್ಲಿ ಏನೂ ಆಗಲಿಲ್ಲ. ಏನಾಗಬೇಕಿತ್ತು?

ಇತಿ,
ಅಪ್ಪ

~

ಚೆಂಬೂರು
9 ಮೇ 2024

ಚಿ. ರಂಜನಿ,

ಎರಡೂವರೆ ತಿಂಗಳಾಯಿತು, ಉತ್ತರವಿಲ್ಲ. ಸೆಖೆ ವಿಪರೀತ.

ವಾಚ್‌ಮನ್ ಬಸು ಕೆಲಸ ಬಿಟ್ಟು ಊರಿಗೆ ಹೊರಟ. ವಿಜಾಪುರದ ಕಡೆಯವನು, ಹದಿನಾಲ್ಕು ವರ್ಷ ಗೇಟಿನಲ್ಲಿದ್ದ. ಹೇಳಿ ಹೋಗಲಿಕ್ಕೆ ಬಂದವನು ಬಾಗಿಲಲ್ಲೇ ನಿಂತ. ಚಹಾ ಕುಡಿ ಅಂದೆ, ಕುಡಿದ. ಆಮೇಲೆ, ‘ಸಾಹೇಬ್ರ, ಒಂದ್ ಮಾತು ಕೇಳ್ಲೇನ್ರಿ? ಹ್ವಾದ್ ವರ್ಷ ಹೋಳಿ ಹುಣ್ಣಿವಿ ಮುಂದ, ಮಧ್ಯಾಹ್ನ ಲಿಫ್ಟ್ ಬಂದ್ ಮಾಡಿ ನೀವು ಮೀಟರ್ ರೂಮಿನ್ಯಾಗ ಹ್ವಾದ್ರಲ್ರಿ, ಏನ್ ಮಾಡಿದ್ರಿ?’ ಅಂತ ಕೇಳಿದ.

‘ನೋಡಿ ಬರಲಿಕ್ಕೆ ಹೋಗಿದ್ದೆ’ ಅಂದೆ.

‘ನೋಡಾಕ ಕಬ್ಬಿಣದ ಗರಗಸ ಯಾಕ್ರಿ? ಸುತ್ತಿಗಿ ಸಪ್ಪಳಾನೂ ಕೇಳಿಸ್ತು ನನಗ.’

‘ಹದಿನಾಲ್ಕು ವರ್ಷ ಗೇಟಿನಲ್ಲಿ ನಿದ್ದೆ ಮಾಡಿದವನಿಗೆ ಸಪ್ಪಳ ಬೇರೆ ಕೇಳಿಸಿತೋ?’ ಅಂತ ತಮಾಷೆ ಮಾಡಿದೆ. ಅವನು ನಗಲಿಲ್ಲ. ‘ನಾ ಯಾರ ಮುಂದನೂ ಅಂದಿಲ್ರಿ. ನಿಮ್ಮ ಅಳಿಯಂದ್ರು ಒಮ್ಮೆ ಕೇಳಿದ್ರು, ಆಗೂ ಅಂದಿಲ್ಲ’ ಅಂದು ನನ್ನ ಕಾಲು ಮುಟ್ಟಿ ಹೋದ. ಬೈದು ಹೋಗಿದ್ದರೆ ವಾಸಿಯಿತ್ತು.

ಹೌದು, ಹೋಗಿದ್ದೆ. ಅದರಲ್ಲೇನಿದೆ? ಬೀಗದ ಕೈ ಇದ್ದವನು ಹೋಗುತ್ತಾನೆ. ನಾನು ಕೆಡಿಸುವ ಕೆಲಸ ಮಾಡುವವನಲ್ಲ ಅಂತ ನಿನಗೆ ಗೊತ್ತಲ್ಲ. ಅಕ್ಷಯ ಅವನನ್ನು ಏನಂತ ಕೇಳಿದ? ಯಾಕೆ ಕೇಳಿದ? ಕೈಂಡ್‌ಲಿ ಕ್ಲಾರಿಫೈ.

ಅಪ್ಪ

~

ಭಾಂಡುಪ್
2 ಜೂನ್ 2024

ಅಪ್ಪ,

ವಿಚಾರಣೆ 18ನೇ ತಾರೀಕು ಬೆಳಿಗ್ಗೆ ಹನ್ನೊಂದಕ್ಕೆ. ನಿಮಗೂ ನೋಟೀಸ್ ಬಂದಿರಬೇಕು.

ನೀವು ಕೇಳಿದ್ದನ್ನು ನಾನು ಬರೆಯುವುದಿಲ್ಲ. ಅಲ್ಲಿಗೆ ಬನ್ನಿ. ಲಿಫ್ಟ್ ಬಂದ್ ಮಾಡಿ ಒಳಗೆ ಹೋಗಿ ಏನು ಮಾಡಿದಿರೋ ಅದನ್ನು ಅಲ್ಲಿ ಹೇಳಿ. ಒಳ್ಳೆಯದೋ ಕೆಟ್ಟದ್ದೋ ಅವರು ನೋಡಿಕೊಳ್ಳುತ್ತಾರೆ. ಬೇರೆ ಏನೂ ಬೇಡ.

ರಂಜನಿ

~

ಚೆಂಬೂರು
25 ಜೂನ್ 2024

ಚಿ. ರಂಜನಿ,

ಅವತ್ತು ವಿಚಾರಣೆ ಮುಗಿದ ಮೇಲೆ ಕಾರಿಡಾರಿನಲ್ಲಿ ಕರೆದೆ. ನೀನು ತಿರುಗಲಿಲ್ಲ. ಮಳೆಯ ಸದ್ದಿಗೆ ಕೇಳಿಸಲಿಲ್ಲ ಅಂದುಕೊಳ್ಳುತ್ತೇನೆ.

ನನ್ನ ಕಷ್ಟವನ್ನೂ ನೋಡು. ಇಂದ್ರಾಬಾಯಿ ವಾಕರ್ ಹಿಡಿದುಕೊಂಡು ಬಂದಿದ್ದಳು. ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ, ‘ಕಾಕಾ, ನೀವೊಬ್ಬರು ಇದ್ದಿರಿ ಅಂತ ನಮಗೆ ನ್ಯಾಯ. ಬೇರೆಯವರಾಗಿದ್ದರೆ ಜಮಾಯಿ, ಅಳಿಯ ಅಂತ ಬಚಾವ್ ಮಾಡುತ್ತಿದ್ದರು’ ಅಂತ ಹೇಳುತ್ತಲೇ ಇದ್ದಳು. ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತಳು. ಎದುರಿಗೆ ಕಮಿಟಿಯವರೆಲ್ಲ.

ಅಕ್ಷಯ ಜೇಬಿನಿಂದ ಒಂದು ಹೊಸ ಲಗ್ಗು ತೆಗೆದು ಮೇಜಿನ ಮೇಲಿಟ್ಟಾಗ ನಾನು ಕನ್ನಡಕ ಸರಿಮಾಡಿಕೊಂಡೆ. ಕೇಬಲ್ಲಿನ ತುದಿಗೆ ತೊಡಿಸಿ ಸ್ವಿಚ್ಚಿಗೆ ಬೋಲ್ಟ್ ಮಾಡುತ್ತಾರಲ್ಲ, ಅದು. ಅರ್ಧ ಬೆಳ್ಳಗೆ, ಅರ್ಧ ಕೆಂಪಗೆ. ಅವನು ಆ ಅಧಿಕಾರಿ ಮೇಡಂಗೆ ಹಿಂದಿಯಲ್ಲಿ ವಿವರಿಸಿದ. ಅಲ್ಯೂಮಿನಿಯಂ ತಂತಿ ನೇರವಾಗಿ ತಾಮ್ರಕ್ಕೆ ತಾಗಬಾರದು, ತಾಗಿದರೆ ತೇವಕ್ಕೆ ತಿಂದುಹೋಗುತ್ತದೆ, ಸಡಿಲಾಗುತ್ತದೆ, ಕಾಯುತ್ತದೆ. ಅದಕ್ಕೇ ತಂತಿ ಹೋಗುವ ಕೊಳವೆ ಅಲ್ಯೂಮಿನಿಯಂ, ಸ್ವಿಚ್ಚಿಗೆ ತಾಗುವ ತುದಿ ಮಾತ್ರ ತಾಮ್ರ. ಒಳಗೆ ಪೇಸ್ಟ್ ಬೇರೆ. ‘ನಾನು ಹಾಕಿದ್ದು ಇದನ್ನೇ, ಮೂರಕ್ಕೆ ಮೂರೂ’ ಅಂದ.

‘ಸುಟ್ಟ ಜಾಗದಲ್ಲಿ ಇಂಥದ್ದು ಒಂದೂ ಸಿಗಲಿಲ್ಲವಲ್ಲ. ಹಾಗಿದ್ದರೆ ಬದಲಾಯಿಸಿದವರು ಯಾರು?’ ಅಂತ ಮೇಡಂ ಕೇಳಿದರು.

‘ಗೊತ್ತಿಲ್ಲ’ ಅಂದ.

ಆಮೇಲೆ ಅವರು ನನ್ನ ಕಡೆ ತಿರುಗಿದರು. ಆಪ್ ಕೋ ಕುಛ್ ಮಾಲೂಮ್ ಹೈ? ನಿಮಗೇನಾದರೂ ಗೊತ್ತೇ ಅಂತ. ಐ ಆ್ಯಮ್ ಸೆವೆಂಟಿ ಫೋರ್ ಇಯರ್ಸ್ ಓಲ್ಡ್ ಮೇಡಂ, ಮೈ ಮೆಮೊರಿ ಈಸ್ ನಾಟ್... ಅಂತ ಶುರು ಮಾಡಿದೆ. ಮುಗಿಸಲು ಪದ ಸಿಗಲಿಲ್ಲ. ಅವರು ‘ನೆನಪಿಲ್ಲ’ ಅಂತ ಬರೆದುಕೊಂಡರು. ನಾನು ಹಾಗಂದಿರಲಿಲ್ಲ. ಅವರೇ ಬರೆದುಕೊಂಡರು.

ಮಳೆಗೆ ಮೊಣಕಾಲು ಹಿಡಿದುಕೊಂಡಿದೆ.

ಅಪ್ಪ

~

ಚೆಂಬೂರು
11 ಆಗಸ್ಟ್ 2024

ರಂಜನಿ,

ಮೀಟರ್ ರೂಮು ಸುಟ್ಟು ಇವತ್ತಿಗೆ ಒಂದು ವರ್ಷ. ಜುಲೈನಲ್ಲಿ ಅಕ್ಷಯನ ಲೈಸೆನ್ಸ್ ರದ್ದಾಯಿತು ಅಂತ ಸೊಸೈಟಿಯವರು ನೋಟೀಸ್ ಬೋರ್ಡಿಗೇ ಅಂಟಿಸಿದ್ದಾರೆ. ಓಡಾಡುವಾಗ ನೋಡಬೇಕು.

ಹೇಳಿಬಿಡುತ್ತೇನೆ. ಬದಲಾಯಿಸಿದವನು ನಾನು.

ಸೋತ ಮೀಟಿಂಗಿನ ಸಿಟ್ಟು ಹೋಗಿರಲಿಲ್ಲ. ಅವನು ಏನು ಮಾಡಿದ್ದಾನೆ ನೋಡೋಣ ಅಂತ ಒಂದು ಮಧ್ಯಾಹ್ನ ಮೀಟರ್ ರೂಮಿನ ಸ್ವಿಚ್ಚಿನ ಡಬ್ಬಿ ತೆರೆದೆ. ಅಂಥ ಲಗ್ಗನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ತುದಿಗಷ್ಟೇ ತಾಮ್ರ ತೋರಿಸಿ, ಹಿಂದೆ ಅಲ್ಯೂಮಿನಿಯಂ ಹಚ್ಚಿ, ಸೊಸೈಟಿಗೆ ಟೋಪಿ ಹಾಕಿದ್ದಾನೆ ಅಂದುಕೊಂಡೆ. ಮನಸ್ಸಿಗೆ ಒಂದು ಥರ ಸಂತೋಷವಾಯಿತು. ಸಿಕ್ಕಿಬಿದ್ದೆಯಲ್ಲ ಮಗನೇ ಅನ್ನಿಸಿತು. ಅದನ್ನೂ ಬರೆಯುತ್ತೇನೆ, ಬಿಡುವುದಿಲ್ಲ.

ಕಮಿಟಿಗೆ ಹೇಳಿ ಅವನ ಮಾನ ಕಳೆಯಬಹುದಿತ್ತು. ಕಳೆಯಲಿಲ್ಲ. ಮಗಳ ಗಂಡ, ನಾನೇ ಸರಿ ಮಾಡಿಬಿಡೋಣ ಅಂದುಕೊಂಡೆ. ಮಿಲ್ಲಿನ ಕೊನೆಯ ದಿನ ಊಟದ ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದ ತಾಮ್ರದ ಲಗ್ಗುಗಳಿದ್ದವು, ಅಪ್ಪಟ, ಕೈಗೆ ಭಾರ ಸಿಗುವಂಥವು. ಅವನು ಕೇಬಲ್ಲನ್ನು ಸ್ವಲ್ಪ ಉದ್ದ ಬಿಟ್ಟು ಸುತ್ತಿಟ್ಟಿದ್ದ. ಮೇನ್ ಆಫ್ ಮಾಡಿ ಅವನ ಮೂರೂ ಲಗ್ಗು ಕತ್ತರಿಸಿ ಹಾಕಿದೆ. ತಂತಿ ಸುಲಿದಾಗ, ಲಗ್ಗಿನಿಂದ ಎಳೆಗಳೊಳಕ್ಕೆ ಇಳಿದಿದ್ದ ಬೂದು ಬಣ್ಣದ ಜಿಡ್ಡು ಕೈಗೆ ಹತ್ತಿತು. ಗಲೀಜು ಅಂತ ಹಳೆ ಬನಿಯನ್ನಿನಿಂದ ಚೆನ್ನಾಗಿ ಒರೆಸಿದೆ. ಅದು ಗಲೀಜಲ್ಲ, ಅವನು ಮೇಡಂ ಮುಂದೆ ಹೇಳಿದ ಪೇಸ್ಟ್. ಅಲ್ಯೂಮಿನಿಯಮ್ಮನ್ನು ಕಾಯುವ ಔಷಧಿ. ಲಗ್ಗನ್ನು ತಂತಿಗೆ ಬಿಗಿಯಾಗಿ ಒತ್ತುವ ಮೆಷೀನ್ ನನ್ನ ಹತ್ತಿರ ಎಲ್ಲಿಂದ ಬರಬೇಕು? ಸುತ್ತಿಗೆಯಲ್ಲಿ ಹೊಡೆದು ಕೂರಿಸಿದೆ. ಲಿಫ್ಟ್ ಶುರು ಮಾಡಿದಾಗ ಒಂದು ಕಿಡಿ ಹಾರಲಿಲ್ಲ. ಮನೆಗೆ ಬಂದು ನಿಮ್ಮಮ್ಮನ ಫೋಟೋ ಮುಂದೆ, ‘ನಿನ್ನ ಅಳಿಯನ ಕೆಲಸ ಸರಿ ಮಾಡಿ ಬಂದೆ ರಮಾಮಣಿ’ ಅಂತ ಗಟ್ಟಿಯಾಗಿ ಹೇಳಿದೆ.

ಐದು ತಿಂಗಳು ತಡೆಯಿತು. ಮಳೆ ಶುರುವಾಯಿತು. ಸಂಜೆ ಪಂಪು ಹಾಕುವ ಹೊತ್ತಿಗೆ ಹೊತ್ತಿಕೊಂಡಿತು.

ಕಂಪ್ಲೇಂಟ್ ಬರೆಯುವಾಗ ನನಗೆ ಗೊತ್ತಿರಲಿಲ್ಲ. ಈ ಒಂದು ಮಾತು ನಂಬು. ಅಲ್ಯೂಮಿನಿಯಮ್ಮೇ ಕಾರಣ ಅಂತ ನಂಬಿಕೊಂಡೇ ಬರೆದೆ. ಆದರೆ ನಾನು ಕೈ ಹಾಕಿದ್ದನ್ನು ಬರೆಯಲಿಲ್ಲ. ವಿಚಾರಣೆಯ ದಿನ ಮಾತ್ರ ಎಲ್ಲಾ ಗೊತ್ತಾಗಿತ್ತು. ಅವನು ಆ ಲಗ್ಗನ್ನು ಮೇಜಿನ ಮೇಲಿಟ್ಟ ಕ್ಷಣವೇ ಗೊತ್ತಾಗಿತ್ತು.

ಅಕ್ಷಯನಿಗೆ ನೀನೇ ಹೇಳು. ಫರ್ಗಿವ್ ಅಂಡ್ ಫರ್ಗೆಟ್ ಅನ್ನುವ ಮುಖ ನನಗಿಲ್ಲ. ಆದರೂ ಒಂದು ಸಲ ಫೋನ್ ಮಾಡು.

ಅಪ್ಪ

~

ಭಾಂಡುಪ್
30 ಆಗಸ್ಟ್ 2024

ಅಪ್ಪ,

ಅಕ್ಷಯನಿಗೆ ನಾನು ಹೇಳುವುದು ಏನೂ ಇಲ್ಲ. ಅವನಿಗೆ ಮೊದಲ ದಿನವೇ ಗೊತ್ತಿತ್ತು.

ಬೆಂಕಿ ಆರಿಸಿದ ಮೇಲೆ ಮೀಟರ್ ರೂಮಿಗೆ ಮೊದಲು ಹೋದವನು ಅವನೇ. ಕರಕಲಾದ ತಂತಿಯಲ್ಲಿ ಇದ್ದದ್ದು ತನ್ನ ಲಗ್ಗಲ್ಲ ಅಂತ ನೋಡಿದ. ಅಂಥ ದಪ್ಪ ತಾಮ್ರದ ಲಗ್ಗನ್ನು ಅವನು ಒಂದೇ ಕಡೆ ನೋಡಿದ್ದ. ಮದುವೆಗೆ ಮೊದಲು ನಮ್ಮ ಮನೆಗೆ ಬಂದಾಗ ನೀವು ಡಬ್ಬಿ ತೆರೆದು, ‘ನೋಡಯ್ಯ, ವಸ್ತು ಅಂದರೆ ಇದು’ ಅಂತ ತೋರಿಸಿದ್ದಿರಿ. ಮೂರನ್ನೂ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು ಬಂದ. ಯಾರಿಗೂ ತೋರಿಸಲಿಲ್ಲ. ‘ಮಾವ ಒಬ್ಬರೇ ಇದ್ದಾರೆ. ಪೊಲೀಸ್ ಕೇಸ್ ಆದ್ರೆ ಈ ವಯಸ್ಸಲ್ಲಿ ಎಲ್ಲಿಗೆ ಓಡ್ತಾರೆ? ಬೇಕಂತ ಮಾಡಿದ್ದಲ್ಲ. ಅವರೇ ಬಂದು ಹೇಳ್ತಾರೆ ನೋಡು’ ಅಂದ. ಮುಂದಿನ ತಿಂಗಳು ನಿಮ್ಮ ಕಂಪ್ಲೇಂಟ್ ಬಂತು. ಆಗಲೂ ಅದನ್ನೇ ಹೇಳಿದ, ‘ಹೇಳ್ತಾರೆ ಮಾರಾಯ್ತಿ, ಸ್ವಲ್ಪ ಟೈಮ್ ಕೊಡು.’

ಅವನು ಕೊಡು ಅಂದದ್ದಕ್ಕೆ ಕೊಟ್ಟೆ. ನನ್ನ ಮನಸ್ಸಿನಿಂದಲ್ಲ. ಬಸುವನ್ನು ಕೇಳಿದ್ದೂ ನಿಮ್ಮನ್ನು ಹಿಡಿಯಲಿಕ್ಕಲ್ಲ. ನೋಡಿದವರು ಬೇರೆ ಯಾರಾದರೂ ಇದ್ದಾರೋ, ಬಾಯಿ ಬಿಟ್ಟು ನಿಮಗೆ ತೊಂದರೆ ಮಾಡುತ್ತಾರೋ ಅಂತ ತಿಳಿಯಲಿಕ್ಕೆ.

ಅವತ್ತು ಮೇಡಂ ಕೇಳಿದಾಗ ‘ಗೊತ್ತಿಲ್ಲ’ ಅಂದನಲ್ಲ, ನಿಮ್ಮನ್ನೇ ನೋಡಿಕೊಂಡು ಅಂದ. ನಾನೂ ನೋಡುತ್ತಿದ್ದೆ. ನೀವು ಕನ್ನಡಕ ಒರೆಸಿಕೊಂಡಿರಿ. ಮಾರನೇ ದಿನ ಒತ್ತುವ ಮೆಷೀನನ್ನು ಮಾರಿಬಿಟ್ಟ.

ನೀವು ನನಗೆ ಬರೆದದ್ದರಿಂದ ಏನೂ ಬದಲಾಗುವುದಿಲ್ಲ. ನಿಮ್ಮ ಎದೆ ಹಗುರವಾಗಿರಬಹುದು, ಅಷ್ಟೆ. ನಾನು ಇದನ್ನು ಕಚೇರಿಗೆ ತೆಗೆದುಕೊಂಡು ಹೋಗುವುದಿಲ್ಲ. ಅಕ್ಷಯ ಬಿಡುವುದಿಲ್ಲ. ಅವನು ಬಿಟ್ಟರೂ ನಾನು ಹೋಗುವುದಿಲ್ಲ. ಕಂಪ್ಲೇಂಟ್ ಯಾರಿಗೆ ಬರೆದಿರೋ ಅವರಿಗೆ ಬರೆಯಿರಿ. ಬರೆಯದಿದ್ದರೆ ನನಗೂ ಬರೆಯಬೇಡಿ. ಫೋನ್ ಮಾಡುವುದಿಲ್ಲ.

ರಂಜನಿ

~

ಚೆಂಬೂರು
21 ಅಕ್ಟೋಬರ್ 2024

ರಂಜನಿ,

ಕೆಳಗಿರುವ ಹೇಳಿಕೆಯ ಮರಾಠಿ ಪ್ರತಿಯನ್ನು ನೋಟರಿಯವರು ಬರೆದುಕೊಟ್ಟರು. ಸಹಿ ಮಾಡಿ ಇವತ್ತು ಕಚೇರಿಯಲ್ಲಿ ನಾನೇ ಕೊಟ್ಟು ಬಂದೆ. ಹೋಗುವ ಮೊದಲು ಇಂದ್ರಾಬಾಯಿಗೆ ಓದಿ ಹೇಳಿದೆ. ಅವಳು ಬಾಗಿಲು ಹಾಕಿಕೊಂಡಳು. ಕನ್ನಡದ್ದು ನಿನಗೆ.

ವಿದ್ಯುತ್ ಇನ್ಸ್‌ಪೆಕ್ಟರ್ ಅವರಿಗೆ,

ಕಳೆದ ವರ್ಷ ಸೆಪ್ಟೆಂಬರಿನಲ್ಲಿ ಅಕ್ಷಯ ಅವರ ಮೇಲೆ ದೂರು ಕೊಟ್ಟವನು ನಾನು. ದೂರು ತಪ್ಪು.

ಅವರು ಹಾಕಿದ ಅಲ್ಯೂಮಿನಿಯಂ ಕೇಬಲ್ ಅಳತೆಗೆ ಸರಿಯಾಗಿತ್ತು. ಅವರು ಹಾಕಿದ ಲಗ್ಗುಗಳೂ ಸರಿಯಾಗಿದ್ದವು. 2023ರ ಮಾರ್ಚ್ ತಿಂಗಳಿನಲ್ಲಿ, ಯಾರನ್ನೂ ಕೇಳದೆ, ಯಾರಿಗೂ ಹೇಳದೆ, ಅವುಗಳನ್ನು ಕತ್ತರಿಸಿ ತೆಗೆದು ತಾಮ್ರದ ಲಗ್ಗು ಹಾಕಿದವನು ನಾನು. ಒಳಗಿನ ಪೇಸ್ಟನ್ನು ಒರೆಸಿದವನೂ ನಾನು. ಬೆಂಕಿ ಬಿದ್ದದ್ದು ಆ ಜೋಡಣೆಯಿಂದ. ಇಂದ್ರಾಬಾಯಿಯವರ ಸೊಂಟ ಮುರಿದದ್ದು ನನ್ನ ಕೆಲಸದಿಂದ.

ಜೂನ್ 18ರಂದು ತಾವು ಕೇಳಿದಾಗ ನನಗೆ ನೆನಪಿತ್ತು.

ಅಕ್ಷಯ ಅವರ ಲೈಸೆನ್ಸನ್ನು ಹಿಂದಿರುಗಿಸಬೇಕು. ನನ್ನ ಮೇಲೆ ತೆಗೆದುಕೊಳ್ಳಬೇಕಾದ ಕ್ರಮವನ್ನು ತೆಗೆದುಕೊಳ್ಳಬೇಕು.

ಈ ಹೇಳಿಕೆಯನ್ನು ನನ್ನಿಂದ ಯಾರೂ ಒತ್ತಾಯ ಮಾಡಿ ಬರೆಸಿಲ್ಲ. ಒತ್ತಾಯ ಮಾಡಬೇಕಾಗಿದ್ದವರು ಒಂದು ವರ್ಷ ಸುಮ್ಮನೆ ಕಾದರು.

ಕೇಶವಮೂರ್ತಿ